ಬಚ್ಚಲುಮನೆ ನವೀಕರಣದ ಬಜೆಟ್: ಬೆಂಗಳೂರಿನ ಒಂದು ‘ಪ್ಯಾಕೇಜ್’ ಸೇವೆಯ ವಿಮರ್ಶೆ

ಹಳೆಯ ಬಚ್ಚಲುಮನೆಯನ್ನು ಒಡೆಯುವುದರಿಂದ ಹಿಡಿದು ಕೊನೆಯ ನಲ್ಲಿ ಕೂರಿಸುವವರೆಗಿನ ಎಲ್ಲ ಕೆಲಸವನ್ನೂ ಒಂದೇ ಮೊತ್ತಕ್ಕೆ ಮಾಡಿಕೊಡುವ ಸಂಸ್ಥೆಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ಎರಡು ದಶಕ ಹಳೆಯದಾದ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯನ್ನು ಅಂಥ ಒಂದು ಸಂಸ್ಥೆಯಿಂದ ಮಾಡಿಸಿದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಅವರು ಕೊಟ್ಟ ಕೊಟೇಶನ್ನಿನ ರೀತಿಯ ಬಗ್ಗೆ, ಮತ್ತು ಆ ರೀತಿ ಬಹುಪಾಲು ಪ್ಯಾಕೇಜುಗಳಿಗೆ ಸಮಾನವಾದದ್ದು. ಕೆಲಸದ ಗುಣಮಟ್ಟಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ, ಅಂದಾಜುಪಟ್ಟಿಗೆ ಕೊಡಲಾರೆ.

ಎಂಟು ಅಡಿ ಉದ್ದ, ಐದು ಅಡಿ ಅಗಲದ ಕೋಣೆಗೆ ಅವರು ಕೊಟ್ಟ ಮೊತ್ತ 1,85,000 ರೂಪಾಯಿ. ಒಡೆಯುವುದಕ್ಕೂ ಅವಶೇಷ ಸಾಗಿಸುವುದಕ್ಕೂ 14,000, ಪೈಪುಗಳಿಗೆ 28,000, ವಾಟರ್‌ಪ್ರೂಫಿಂಗ್‌ಗೆ 18,000, ಟೈಲ್ಸ್ ಮತ್ತು ಅದನ್ನು ಹಾಕುವ ಕೂಲಿ, ಸಿಮೆಂಟು, ಮರಳಿಗೆ 38,000, ಕಮೋಡ್, ವಾಶ್‌ಬೇಸಿನ್, ಷವರ್, ನಲ್ಲಿಗಳಿಗೆ 62,000, ಎಲೆಕ್ಟ್ರಿಕಲ್ ಕೆಲಸ, ಎಕ್ಸಾಸ್ಟ್ ಫ್ಯಾನ್, ಫಾಲ್ಸ್ ಸೀಲಿಂಗ್, ಬಾಗಿಲಿನ ಬಣ್ಣ ಸೇರಿ 25,000. ಹೀಗೆ ಬಾಬತ್ತುವಾರು ಬಿಡಿಸಿ ಕೊಡಿ ಎಂದು ಕೇಳಿದ ಮೇಲೆ ಸಿಕ್ಕ ವಿವರವಿದು. ಮೊದಲು ಬಂದದ್ದು ಒಂದು ಒಟ್ಟು ಮೊತ್ತ ಮತ್ತು ಕೆಲವು ಸುಂದರ ಚಿತ್ರಗಳು ಮಾತ್ರ. ಈ ವಿಭಜನೆಯಿಲ್ಲದೆ ಯಾರೂ ಮುಂಗಡ ಕೊಡಬಾರದೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂಬುದನ್ನು ಒಟ್ಟು ಮೊತ್ತ ಎಂದಿಗೂ ತಿಳಿಸುವುದಿಲ್ಲ.

ಕೊಟೇಶನ್ನಿನ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಇದರಲ್ಲಿ ಸೇರಿಲ್ಲ’ ಎಂಬ ಪಟ್ಟಿಯಿತ್ತು. ಶೇ. 18ರ ಜಿಎಸ್‌ಟಿ ಅದರ ಮೊದಲ ಸಾಲು. 1,85,000ದ ಮೇಲೆ ಅದೊಂದೇ 33,300 ರೂಪಾಯಿಯಾಗುತ್ತದೆ. ಗೀಸರ್, ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಷನ್, ಚದರ ಅಡಿಗೆ 55 ರೂಪಾಯಿಗಿಂತ ಹೆಚ್ಚಿನ ದರದ ಟೈಲ್ಸ್, ‘ಅಗತ್ಯ ಬಿದ್ದಲ್ಲಿ ಸಂಕನ್ ಸ್ಲ್ಯಾಬ್ (ಬಚ್ಚಲುಮನೆಯ ನೆಲದಡಿಯ ತಗ್ಗಿನ ಕಾಂಕ್ರೀಟ್) ತೆರೆಯುವ ವೆಚ್ಚ’ ಇವು ಉಳಿದ ಸಾಲುಗಳು. ನಮ್ಮ ಬಜೆಟ್ಟನ್ನು ನಿಜವಾಗಿ ನಿರ್ಧರಿಸಿದ್ದು ಈ ಕೊನೆಯ ಎರಡು.

ಟೈಲ್ಸ್ ಲೆಕ್ಕವನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಮಾಡಬಹುದು. ಕೋಣೆಯ ಸುತ್ತಳತೆ 26 ಅಡಿ. ಏಳು ಅಡಿ ಎತ್ತರದವರೆಗೆ ಗೋಡೆಗೆ ಟೈಲ್ಸ್ ಹಾಕಿದರೆ 182 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲಿನ ಜಾಗ ಕಳೆದು, ನೆಲದ 40 ಚದರ ಅಡಿ ಕೂಡಿಸಿದರೆ ಸುಮಾರು 205. ಸಂಸ್ಥೆಯವರು ಹಿಡಿದಿದ್ದು ಇಷ್ಟನ್ನೇ. ಆದರೆ ಮೂಲೆಗಳಲ್ಲಿ, ಪೈಪಿನ ತೂತುಗಳಲ್ಲಿ ಕತ್ತರಿಸಿ ವ್ಯರ್ಥವಾಗುವುದಕ್ಕೆ ಶೇ. 10 ಸೇರಿಸಲೇಬೇಕು, ಆಗ 225 ಚದರ ಅಡಿ ಬೇಕಾಗುತ್ತದೆ. 55 ರೂಪಾಯಿ ದರದಲ್ಲಿ ಅವರು ತೋರಿಸಿದ ಮಾದರಿಗಳಲ್ಲಿ ನೆಲಕ್ಕೆ ಯೋಗ್ಯವಾದದ್ದು ಒಂದೂ ಇರಲಿಲ್ಲ. ನುಣುಪಾದ ಸೆರಾಮಿಕ್ ಟೈಲ್ಸ್ ಗೋಡೆಗೆ ಸಾಕು. ಒದ್ದೆಯಾಗುವ ನೆಲಕ್ಕೆ, ವಿಶೇಷವಾಗಿ ಹಿರಿಯರಿರುವ ಮನೆಯಲ್ಲಿ, ಜಾರದ ಮ್ಯಾಟ್ ಟೈಲ್ಸೇ ಬೇಕು. ಸರಾಸರಿ 90 ರೂಪಾಯಿ ದರದಲ್ಲಿ ಆರಿಸಿದಾಗ ಈ ಒಂದು ಬಾಬತ್ತಿನಲ್ಲಿ 9,000 ರೂಪಾಯಿ ಹೆಚ್ಚಾಯಿತು. ಗೋಡೆಗೆ ಒಂದು ದರ, ನೆಲಕ್ಕೆ ಇನ್ನೊಂದು ದರ ಎಂದು ಮೊದಲೇ ಬರೆದಿದ್ದರೆ ಇದು ಹೆಚ್ಚುವರಿ ಎನಿಸಿಕೊಳ್ಳುತ್ತಲೇ ಇರಲಿಲ್ಲ.

ಸಂಕನ್ ಸ್ಲ್ಯಾಬಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲುಮನೆಯ ಕಾಂಕ್ರೀಟ್ ಸ್ಲ್ಯಾಬನ್ನು ಉಳಿದ ಕೋಣೆಗಳಿಗಿಂತ ಒಂದು ಅಡಿಯಷ್ಟು ಕೆಳಗೆ ಹಾಕಿ, ಆ ಗುಂಡಿಯಲ್ಲಿ ಕೊಳಚೆ ನೀರಿನ ಪೈಪುಗಳನ್ನು ಕೂರಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಮಾಡುತ್ತಾರೆ. ಟೈಲ್ಸ್ ಸಂದುಗಳಿಂದಲೋ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಸುತ್ತಲಿಂದಲೋ ಇಳಿದ ನೀರು ವರ್ಷಗಟ್ಟಲೆ ಆ ಚೂರುಗಳ ನಡುವೆ ನಿಂತು, ಕೊನೆಗೆ ಕೆಳಮನೆಯ ಛಾವಣಿಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಕೆಳಗಿನ ಮನೆಯವರು ತಮ್ಮ ಬಚ್ಚಲುಮನೆಯ ಛಾವಣಿಯ ತೇವವನ್ನು ಮೊದಲೇ ತೋರಿಸಿದ್ದರು. ಸಂಸ್ಥೆಯ ಎಂಜಿನಿಯರ್ ಸ್ಥಳ ನೋಡಲು ಬಂದಾಗ ಅದನ್ನೂ ನೋಡಿದ್ದರು. ಹೀಗಿದ್ದೂ ಸ್ಲ್ಯಾಬ್ ತೆರೆಯುವುದನ್ನು ‘ಅಗತ್ಯ ಬಿದ್ದಲ್ಲಿ’ ಎಂದು, ದರವನ್ನೂ ಬರೆಯದೆ, ಹೊರಗಿಟ್ಟದ್ದು ಸರಿಯಲ್ಲ. ನೆಲ ಒಡೆದ ಮೇಲೆ ಇಟ್ಟಿಗೆ ಚೂರು ಸಂಪೂರ್ಣ ಒದ್ದೆಯಾಗಿರುವುದು ಕಂಡಿತು; ಎಲ್ಲವನ್ನೂ ತೆಗೆದು, ಹಳೆಯ ಪೈಪು ಬದಲಿಸಿ, ಒಣಗಿಸಿ, ಮತ್ತೆ ತುಂಬುವುದಕ್ಕೆ 22,000 ರೂಪಾಯಿ ಕೇಳಿದರು. ಕೆಲಸಕ್ಕೆ ಹೋಲಿಸಿದರೆ ಆ ದರ ಅನ್ಯಾಯದ್ದೇನಲ್ಲ. ಆದರೆ ನೆಲ ಒಡೆದ ಮೇಲೆ ಗ್ರಾಹಕನಿಗೆ ಚೌಕಾಸಿ ಮಾಡುವ ಅವಕಾಶವೇ ಇರುವುದಿಲ್ಲ. ಮನೆ ಹಳೆಯದಾಗಿದ್ದರೆ ಈ ಮೊತ್ತವನ್ನು ಖಚಿತ ಖರ್ಚೆಂದೇ ಬಜೆಟ್ಟಿನಲ್ಲಿ ಹಿಡಿದು, ಬೇಡವಾದರೆ ಕಳೆಯುವ ಷರತ್ತು ಹಾಕಿಕೊಳ್ಳಿ.

ಮೆಚ್ಚಲೇಬೇಕಾದ ಭಾಗ ವಾಟರ್‌ಪ್ರೂಫಿಂಗ್. ಸ್ಲ್ಯಾಬಿಗೆ ಒಮ್ಮೆ, ತುಂಬಿದ ಮೇಲೆ ಮತ್ತೊಮ್ಮೆ, ಎರಡೆರಡು ಕೋಟ್ ಲೇಪನ ಮಾಡಿದರು. ಗೋಡೆ ಮತ್ತು ನೆಲ ಕೂಡುವ ಮೂಲೆಗಳಿಗೆ ಜಾಲರಿ ಪಟ್ಟಿ ಕೂರಿಸಿದರು. ಷವರ್ ಇರುವ ಗೋಡೆಯ ಮೇಲೆ ಆಳೆತ್ತರದವರೆಗೂ ಹಚ್ಚಿದರು. ನಂತರ ಟ್ರ್ಯಾಪ್ ಮುಚ್ಚಿ, ನೀರು ತುಂಬಿಸಿ, 48 ಗಂಟೆ ಹಾಗೆಯೇ ಬಿಟ್ಟು, ಕೆಳಮನೆಗೆ ಹೋಗಿ ಛಾವಣಿ ನೋಡಿ ಬಂದರು. ಹಳೆಯ ತುಕ್ಕು ಹಿಡಿದ ಕಬ್ಬಿಣದ ಪೈಪುಗಳ ಬದಲಿಗೆ ಹಾಕಿದ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳಿಗೂ ಗೋಡೆ ಮುಚ್ಚುವ ಮೊದಲು ಪ್ರೆಷರ್ ಟೆಸ್ಟ್ ಮಾಡಿ ತೋರಿಸಿದರು. ಈ ಎರಡು ಪರೀಕ್ಷೆಗಳನ್ನು ಕೆಲಸದವರು ತಾವಾಗಿ ಮಾಡುವುದನ್ನು ನೋಡಿ ನನಗೆ ಅವರ ಮೇಲೆ ನಿಜವಾದ ಗೌರವ ಮೂಡಿತು. ಪೈಪು ಮತ್ತು ವಾಟರ್‌ಪ್ರೂಫಿಂಗ್ ಸೇರಿ 46,000 ರೂಪಾಯಿ. ಇದರಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡಲು ನಾನು ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಕೆಟ್ಟರೆ ಮೇಲಿನ ಟೈಲ್ಸನ್ನೆಲ್ಲ ಮತ್ತೆ ಒಡೆಯಬೇಕಾಗುತ್ತದೆ.

ಹಣ ಉಳಿಸಿದ್ದು ಕಣ್ಣಿಗೆ ಕಾಣುವ ವಸ್ತುಗಳಲ್ಲಿ. ಪ್ಯಾಕೇಜಿನಲ್ಲಿದ್ದದ್ದು ಗೋಡೆಗೆ ತೂಗುವ ಕಮೋಡ್, ಗೋಡೆಯೊಳಗೆ ಅಡಗಿಸುವ ಸಿಸ್ಟರ್ನ್ (ಫ್ಲಶ್ ನೀರಿನ ತೊಟ್ಟಿ). ನಮ್ಮಲ್ಲಿ ಹಳೆಯ ಪೈಪು ನೆಲದೊಳಗೆ ಇಳಿಯುವ ಎಸ್-ಟ್ರ್ಯಾಪ್ ಮಾದರಿಯದು. ಅದೇ ಜಾಗ ಉಳಿಸಿಕೊಂಡು ನೆಲದ ಮೇಲೆ ಕೂರುವ ಕಮೋಡ್ ತೆಗೆದುಕೊಂಡಾಗ 15,000 ರೂಪಾಯಿ ಉಳಿಯಿತು. ಮುಂದೆ ಸಿಸ್ಟರ್ನ್ ಕೆಟ್ಟರೆ ಗೋಡೆಗೆ ಕೈಹಚ್ಚುವ ಪ್ರಮೇಯವೂ ಇಲ್ಲ. ಕೊಳ್ಳುವಾಗ ಗೋಡೆಯಿಂದ ಪೈಪಿನ ಮಧ್ಯಬಿಂದುವಿಗೆ ಇರುವ ಅಂತರವನ್ನು ಅಳೆದುಕೊಂಡು ಹೋಗಬೇಕು. ಅಂಗಡಿಗಳಲ್ಲಿ ಸುಮಾರು 9 ಇಂಚಿನದೂ 12 ಇಂಚಿನದೂ ಸಿಗುತ್ತವೆ. ಕಪ್ಪು ಬಣ್ಣದ ನಲ್ಲಿಗಳನ್ನು ಅವರು ಒತ್ತಾಯಪೂರ್ವಕವಾಗಿ ಸೂಚಿಸಿದರು. ಕೊಳವೆಬಾವಿಯ ಗಡಸು ನೀರು ಬರುವ ಮನೆಗಳಲ್ಲಿ ಅವುಗಳ ಮೇಲೂ ಗಾಜಿನ ಪಾರ್ಟಿಷನ್ ಮೇಲೂ ಬಿಳಿ ಉಪ್ಪಿನ ಕಲೆ ಎದ್ದು ಕಾಣುತ್ತದೆ. ಆದ್ದರಿಂದ ಎರಡನ್ನೂ ಕೈಬಿಟ್ಟೆವು.

ಹಣ ಪಾವತಿಯ ವಿಷಯದಲ್ಲಿ ಸಂಸ್ಥೆ ಹೊಂದಿಕೊಂಡಿತು. ಅರ್ಧ ಮೊತ್ತವನ್ನು ಮುಂಗಡವಾಗಿ ಕೇಳಿದ್ದವರು, ಶೇ. 30 ಮುಂಗಡ, ನೀರು ನಿಲ್ಲಿಸುವ ಪರೀಕ್ಷೆ ಮುಗಿದ ಮೇಲೆ ಶೇ. 30, ಟೈಲ್ಸ್ ಮುಗಿದ ಮೇಲೆ ಶೇ. 30, ಎಲ್ಲವೂ ಬಳಕೆಗೆ ಬಂದ ಮೇಲೆ ಶೇ. 10 ಎಂಬ ಕ್ರಮಕ್ಕೆ ಒಪ್ಪಿದರು. ಆ ಕೊನೆಯ ಶೇ. 10 ಬಾಕಿಯಿದ್ದುದರಿಂದಲೇ ನೆಲದ ಒಂದು ಮೂಲೆಯ ಇಳಿಜಾರನ್ನು ತಕರಾರಿಲ್ಲದೆ ಸರಿಪಡಿಸಿಕೊಟ್ಟರು ಎಂದು ನಂಬುತ್ತೇನೆ. ಹತ್ತು ವರ್ಷದ ವಾರಂಟಿಯನ್ನು ಮಾತ್ರ ಎಚ್ಚರದಿಂದ ಓದಬೇಕು: ಸೋರಿಕೆ ಬಂದರೆ ಉಚಿತವಾಗಿ ಲೇಪನ ಮಾಡಿಕೊಡುತ್ತಾರೆ, ಅದಕ್ಕಾಗಿ ಒಡೆಯಬೇಕಾದ ಟೈಲ್ಸಿನ ವೆಚ್ಚ ಗ್ರಾಹಕನದು. ಇದನ್ನು ತಿದ್ದಿಸಲು ನಮಗೆ ಸಾಧ್ಯವಾಗಲಿಲ್ಲ.

ಕೊನೆಗೆ ಬಿಲ್ ಆದದ್ದು ತೆರಿಗೆಗೆ ಮೊದಲು 2,01,000, ತೆರಿಗೆ ಸೇರಿ 2,37,180 ರೂಪಾಯಿ, ಗೀಸರ್ ಬೇರೆ. ಉಳಿಸಿದ್ದನ್ನು ಪಕ್ಕಕ್ಕಿಟ್ಟರೆ ಹೆಚ್ಚುವರಿಯಾಗಿ ಬಂದದ್ದು 31,000, ಅಂದರೆ ಮೂಲ ಅಂದಾಜಿನ ಸುಮಾರು ಶೇ. 17. ಹಳೆಯ ಮನೆಗಳಿಗೆ ಜಿಎಸ್‌ಟಿಯ ಹೊರತಾಗಿ ಶೇ. 20ರಷ್ಟನ್ನು ತೆಗೆದಿರಿಸುವುದು ಸೂಕ್ತವೆಂದು ಇದರಿಂದ ನನಗನ್ನಿಸುತ್ತದೆ. ಸಮಯವಿದ್ದು, ನಂಬಿಕಸ್ತ ಮೇಸ್ತ್ರಿಯ ಪರಿಚಯವಿದ್ದು, ದಿನವೂ ನಿಂತು ನೋಡಿಕೊಳ್ಳಬಲ್ಲವರಿಗೆ ಸಾಮಾನು ತಾವೇ ತಂದು ಕೂಲಿ ಮಾತ್ರ ಕೊಡುವ ಪದ್ಧತಿ ಅಗ್ಗವಾದೀತು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರಿಗೆ ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ. ನಮ್ಮ ಎರಡನೆಯ ಬಚ್ಚಲುಮನೆಗೂ ಇವರನ್ನೇ ಕರೆಯುವವರಿದ್ದೇವೆ. ಈ ಸಲ ಸಂಕನ್ ಸ್ಲ್ಯಾಬಿನ ದರ, ನೆಲದ ಟೈಲ್ಸಿನ ದರ ಮತ್ತು ಜಿಎಸ್‌ಟಿ ಮೂರೂ ಮೊದಲ ಪುಟದಲ್ಲಿ ಬರೆದಿರುವ ಕೊಟೇಶನ್ ಬಂದ ಮೇಲೆ ಸಹಿ ಮಾಡುತ್ತೇವೆ ಎಂದು ಅವರಿಗೆ ಈಗಾಗಲೇ ತಿಳಿಸಿದ್ದೇವೆ.