ಮೂರು ಬಗೆಯ ಕೀಲು, ಒಂದೇ ಹಳಿ: ಕೀಲು ಟ್ರಾಮ್‌ಗಳ ಹೋಲಿಕೆ

ಇಕ್ಕಟ್ಟಾದ ಬೀದಿಯಲ್ಲಿ ಉದ್ದನೆಯ ಟ್ರಾಮ್ ತಿರುಗಬೇಕಾದರೆ ಅದು ನಡುವೆ ಮಡಚಿಕೊಳ್ಳಬೇಕು. ಮಡಚುವ ಕೀಲನ್ನು ಎಲ್ಲಿಡಬೇಕು, ಅದರ ಕೆಳಗೆ ಚಕ್ರ ಬೇಕೋ ಬೇಡವೋ ಎಂಬುದೇ ಇಡೀ ತಕರಾರು. ಚರಿತ್ರೆಯಲ್ಲಿ ಬಂದುಹೋದ ಮೂರು ಬಗೆಗಳನ್ನು ಶಿವಮೊಗ್ಗದ ನಮ್ಮ ಶೆಡ್ಡಿನಲ್ಲಿ ಪ್ಲೈವುಡ್ಡು, ಕಬ್ಬಿಣದ ಪಟ್ಟಿಗಳಿಂದ ಮಾಡಿ ಓಡಿಸಿ ನೋಡಿದೆ. ಹಳಿಯಲ್ಲಿ ಗಾಂಧಿ ಬಜಾರಿನ ಗಲ್ಲಿಗೆ ತಕ್ಕ ಬಿಗಿ ತಿರುವು, ಅದರ ಬೆನ್ನಿಗೇ ಎದುರು ದಿಕ್ಕಿನ ತಿರುವು, ಕೊನೆಯಲ್ಲಿ ಒಂದು ಏರು. ಪ್ರಯಾಣಿಕರ ಬದಲು ಮರಳಿನ ಚೀಲ. ಗಾಡಿಯ ಮೂಲೆಗೂ ನಡುವಿಗೂ ಪೆನ್ಸಿಲ್ ಕಟ್ಟಿ, ಅದು ನುಂಗುವ ಜಾಗವನ್ನು ರಟ್ಟಿನ ಮೇಲೆ ಗೆರೆಯಾಗಿ ಮೂಡಿಸಿದೆ.

ಮೊದಲನೆಯದು ಬೋಸ್ಟನ್ ನಗರದ ಬಗೆ. 1912ರ ಹೊತ್ತಿಗೆ ಅಲ್ಲಿ ಹಳೆಯ ಪುಟ್ಟ ಗಾಡಿಗಳೆರಡರ ನಡುವೆ ಚಕ್ರವಿಲ್ಲದ ಕೋಣೆಯೊಂದನ್ನು ತೂಗುಹಾಕಿ ಓಡಿಸಿದರು. ಹಳೆಯ ಸಾಮಾನು ವ್ಯರ್ಥವಾಗದು, ತಿರುವಿನಲ್ಲೂ ಸಲೀಸು. ಆದರೆ ನಡುವಿನ ಕೋಣೆ ಎರಡೂ ಕಡೆಯ ಕುಲುಕಾಟವನ್ನು ತಾನೇ ಉಣ್ಣುತ್ತದೆ. ಅಲ್ಲಿಟ್ಟ ಮರಳಿನ ಚೀಲ ಒಮ್ಮೆಯೂ ಇಟ್ಟಲ್ಲಿ ನಿಲ್ಲಲಿಲ್ಲ. ಅಲ್ಲಿ ಮನುಷ್ಯರನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಎರಡನೆಯದರಲ್ಲಿ ಎರಡು ಗಾಡಿಗಳ ತುದಿಗಳು ಒಂದೇ ಚಕ್ರಚೌಕಟ್ಟಿನ ಮೇಲೆ ಕೂರುತ್ತವೆ. ಜರ್ಮನಿಯ ಎಂಜಿನಿಯರ್ ವಿಲ್ಹೆಲ್ಮ್ ಯಾಕೋಬ್ಸ್ ಅವರ ಹೆಸರಿನಿಂದ ಪ್ರಸಿದ್ಧವಾದ ವಿಧಾನವಿದು. ಡ್ಯುವಾಗ್ ಕಂಪನಿಯ 1950ರ ದಶಕದ ಆರು ಅಚ್ಚಿನ ಟ್ರಾಮ್‌ಗಳು ಇದನ್ನು ಜರ್ಮನಿಯ ಊರೂರಿಗೆ ಒಯ್ದವು. ಪ್ರಾಗ್‌ನ ಟಾಟ್ರಾ ಕಾರ್ಖಾನೆ 1964ರಲ್ಲಿ ಕೆ1 ಎಂಬ ಪ್ರಾಯೋಗಿಕ ಗಾಡಿ ಮಾಡಿ, ಅದರಿಂದ ಕಲಿತು ಕೆ2 ತಯಾರಿಸಿದ್ದೂ ಇದೇ ದಾರಿಯಲ್ಲಿ. ಎರಡು ಗಾಡಿಗಳ ನಡುವಿನ ಕೋನವನ್ನು ಚೌಕಟ್ಟು ಸಮನಾಗಿ ಹಂಚಿಕೊಳ್ಳುವುದರಿಂದ ಎದುರುಬದುರು ತಿರುವುಗಳಲ್ಲೂ ನನ್ನ ಮಾದರಿ ಗದ್ದಲವಿಲ್ಲದೆ ದಾಟಿತು. ಉದ್ದನೆಯ ಗಾಡಿಯ ಹೊಟ್ಟೆ ಮಾತ್ರ ತಿರುವಿನ ಒಳಮಗ್ಗುಲಿಗೆ ಚಾಚಿತು. ಪೆನ್ಸಿಲ್ ಗೆರೆ ಇಲ್ಲೇ ಅತಿ ಅಗಲ.

ನಿಜವಾದ ತೊಡಕು ಏರಿನಲ್ಲಿ ಎದುರಾಯಿತು. ಡ್ಯುವಾಗ್ ಮತ್ತು ಕೆ2 ಗಾಡಿಗಳಲ್ಲಿದ್ದಂತೆ ಮೋಟಾರುಗಳನ್ನು ಎರಡು ತುದಿಗಳ ಚೌಕಟ್ಟುಗಳಿಗೆ ಮಾತ್ರ ಕೊಟ್ಟಿದ್ದೆ. ನಡುವಿನ ಚೌಕಟ್ಟು ಎರಡು ಗಾಡಿಗಳ ಭಾರ ಹೊರುತ್ತದೆ, ಆದರೆ ಎಳೆಯುವುದಿಲ್ಲ. ಹಳಿಗೆ ನೀರು ಚಿಮುಕಿಸಿದ ಕೂಡಲೇ ತುದಿಯ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿದವು. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ, ಆಗುಂಬೆಯ ಕಡೆ ಓಡಾಡಿದವರಿಗೆ ಒದ್ದೆ ಏರಿನ ಪಾಡು ಗೊತ್ತು. ನಡುವಿಗೂ ಮೋಟಾರು ಕೊಟ್ಟ ಮೇಲೆ ಗಾಡಿ ತಡವರಿಸದೆ ಹತ್ತಿತು. ಚಕ್ರಕ್ಕೆ ಮರಳು ಸುರಿಸುವ ಹಳೆಯ ಉಪಾಯವೂ ಇದೆ, ಟ್ರಾಮ್‌ಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಏರಿನ ಊರಿಗೆ ಬರಿಯ ಮರಳನ್ನು ನಂಬಿ ಗಾಡಿ ಮಾಡಬಾರದು.

ಮೂರನೆಯದು ಇತ್ತೀಚಿನದು: ಚಕ್ರವಿರುವ ಗಿಡ್ಡ ತುಂಡುಗಳು, ಅವುಗಳ ನಡುವೆ ತೂಗುವ ಚಕ್ರವಿಲ್ಲದ ತುಂಡುಗಳು. ಸೀಮೆನ್ಸ್ ಕಂಪನಿಯ ಕಾಂಬಿನೊ ಇದೇ ಜಾತಿಯದು. ಹತ್ತಲು ಮೆಟ್ಟಿಲೇ ಇಲ್ಲ. ವಯಸ್ಸಾದವರು, ಗಾಲಿಕುರ್ಚಿಯವರು ಯಾರ ಕೈಯನ್ನೂ ಹಿಡಿಯದೆ ಒಳಗೆ ಬರಬಹುದು. ಇದು ಸಣ್ಣ ಲಾಭವಲ್ಲ. ಕೀಲಿನ ಕೆಳಗೇ ಚಕ್ರಚೌಕಟ್ಟಿರುವ ಎರಡನೆಯ ಬಗೆಯಲ್ಲಿ ನೆಲವನ್ನು ಇಷ್ಟು ತಗ್ಗಿಸುವುದು ಬಹಳ ಕಷ್ಟ. ಪೆನ್ಸಿಲ್ ಗೆರೆಯೂ ಇದರದೇ ಅತಿ ಕಿರಿದು.

ಆದರೆ ಇಲ್ಲಿ ಚಕ್ರಗಳು ಗಾಡಿಯ ಮೈಗೆ ಅಂಟಿಕೊಂಡಂತೆ ಇರುತ್ತವೆ, ತಾವಾಗಿ ಹೊರಳುವುದಿಲ್ಲ. ತಿರುವು ಶುರುವಾಗುವಲ್ಲಿ ಇಡೀ ತುಂಡು ಪಕ್ಕಕ್ಕೆ ಧಡಕ್ಕನೆ ಸರಿಯುತ್ತದೆ. ಎದುರುಬದುರು ತಿರುವಿನಲ್ಲಿ ಒಂದು ತುಂಡು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿದಾಗ ಆ ತಿರುಚು ನೇರವಾಗಿ ಚಾವಣಿಯ ಕೀಲಿಗೆ ಏರುತ್ತದೆ. ಕೆಲವು ಓಟಗಳಲ್ಲೇ ನನ್ನ ಚಾವಣಿಯ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಕಾಂಬಿನೊ ಗಾಡಿಗಳಿಗೆ ಆದದ್ದೂ ಇದೇ ಬಗೆಯ ಪೆಟ್ಟು: ಅವುಗಳ ಅಲ್ಯೂಮಿನಿಯಂ ಮೈಯಲ್ಲಿ ಬಿರುಕು ಕಂಡು, 2004ರಲ್ಲಿ 1,20,000 ಕಿಲೋಮೀಟರಿಗಿಂತ ಹೆಚ್ಚು ಓಡಿದ ಗಾಡಿಗಳನ್ನು ನಿಲ್ಲಿಸುವಂತೆ ಕಂಪನಿಯೇ ನಗರಗಳಿಗೆ ಹೇಳಬೇಕಾಯಿತು.

ಸಮತಟ್ಟಾದ, ನೇರ ಬೀದಿಗಳ ಊರಾಗಿದ್ದರೆ ಮೂರನೆಯದನ್ನೇ ಆರಿಸುತ್ತಿದ್ದೆ. ತಿರುವು, ಏರು, ಮಳೆ ಮೂರೂ ಸೇರುವ ನಮ್ಮ ಕಡೆಗೆ ಎರಡನೆಯದೇ ಸರಿ. ಎಲ್ಲ ಅಚ್ಚುಗಳಿಗೂ ಮೋಟಾರು ಕೊಟ್ಟು, ಬಾಗಿಲುಗಳನ್ನು ಚಕ್ರಗಳಿಂದ ದೂರವಿಟ್ಟು, ಅಲ್ಲಿ ಮಾತ್ರ ನೆಲ ತಗ್ಗಿಸಬೇಕು. ಈಗ ಉಳಿದಿರುವ ಕೆಲಸ ಕೀಲಿನ ಮೂಲಕ ಹಾಯುವ ತಂತಿಗಳದು: ಪ್ರತಿ ತಿರುವಿನಲ್ಲೂ ಮಡಚಿ ಅವುಗಳ ಹೊದಿಕೆ ಸವೆಯುತ್ತಿದೆ. ಅವನ್ನು ಕೀಲಿನ ಮೇಲೆ ಸಡಿಲವಾದ ಕುಣಿಕೆಯಾಗಿ ಇಳಿಬಿಟ್ಟು ನೋಡುತ್ತಿದ್ದೇನೆ.