ತೂಕ 38 ಸಲ, ಎತ್ತರ ಸೊನ್ನೆ: ನಮ್ಮ ಕ್ಲಿನಿಕ್‌ ಬಗ್ಗೆ ಒಂದು ರಿವ್ಯೂ

ಏಳು ವರ್ಷದಿಂದ ಒಂದೇ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಜ್ವರ, ತಲೆನೋವು, ಮಂಡಿನೋವು, ಬಿಪಿ, ಎಲ್ಲಕ್ಕೂ ಅಲ್ಲಿಗೇ. ಹೆಸರು ಹಾಕಲ್ಲ. ಈ ದೂರು ಅದೊಂದೇ ಕ್ಲಿನಿಕ್‌ದಲ್ಲ, ಮತ್ತೆ ಅಲ್ಲಿನ ದೊಡ್ಡ ಡಾಕ್ಟರನ್ನು ಕಂಡರೆ ನನಗೆ ಗೌರವವೂ ಇದೆ. ಕೆಲವು ತಿಂಗಳ ಹಿಂದೆ, ಹೊಸ ಡಾಕ್ಟರ್ ಬರುವ ಮೊದಲು, ಬೇರೇನೋ ಕೆಲಸಕ್ಕೆ ನನ್ನ ಫೈಲ್‌ನ ಜೆರಾಕ್ಸ್ ಬೇಕಾಯಿತು. ಮನೆಗೆ ತಂದು ಸುಮ್ನೆ ಪುಟ ತಿರುಗಿಸುತ್ತಾ ಎಣಿಸಿದೆ. ತೂಕ 38 ಸಲ ಬರೆದಿದ್ದಾರೆ. 82 ಕೆಜಿಯಿಂದ ಶುರುವಾಗಿ ಮೆಲ್ಲಗೆ 96ಕ್ಕೆ ಬಂದಿದೆ. ಎತ್ತರ ಒಂದು ಸಲವೂ ಬರೆದಿಲ್ಲ. ಬೊಜ್ಜು ಅನ್ನೋ ಪದ ಎಲ್ಲೂ ಇಲ್ಲ.

ಎತ್ತರವೇ ಗೊತ್ತಿಲ್ಲದೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಅಂಕಿ, ಎಲ್ಲಿಂದ ಬರಬೇಕು? ಕೆಜಿಯಲ್ಲಿ ಇರುವ ತೂಕವನ್ನು ಮೀಟರ್‌ನಲ್ಲಿ ಇರುವ ಎತ್ತರದಿಂದ ಎರಡು ಸಲ ಭಾಗಿಸಬೇಕು, ಅಷ್ಟೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಏಷ್ಯಾದವರಿಗೆ ಇದಕ್ಕಿಂತ ಕಡಿಮೆ ಅಂಕಿಯಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ, ಹಾಗಾಗಿ ಇನ್ನೂ ಬೇಗ ಎಚ್ಚರ ಆಗಬೇಕು. ನಾನು 168 ಸೆಂ.ಮೀ., ನನ್ನದು 34. ಎತ್ತರ ಅಳೆಯುವ ಪಟ್ಟಿ ಅವರ ಗೋಡೆಯ ಮೇಲೆ ಇತ್ತು. ಅದರ ಮುಂದೆ ಫೈಲ್ ಇಡುವ ಬೀರು ನಿಲ್ಲಿಸಿದ್ದರು.

ಬಿಎಂಐ ಪೂರ್ತಿ ಕಥೆ ಹೇಳಲ್ಲ, ಒಪ್ಪುತ್ತೇನೆ. ಕಟ್ಟುಮಸ್ತಾದ ಮೈಯವರಿಗೂ ಅದು ಜಾಸ್ತಿ ಬರುತ್ತದೆ, ಹೊಟ್ಟೆಯ ಸುತ್ತ ಮಾತ್ರ ಕೊಬ್ಬು ಇರುವವರನ್ನು ಬಿಟ್ಟುಬಿಡುತ್ತದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಒಂದು ಇದನ್ನೇ ಹೇಳಿತು: ಬಿಎಂಐ ಒಂದನ್ನೇ ನಂಬಬೇಡಿ, ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆ ತೆಗೆದುಕೊಳ್ಳಿ, ಕೊಬ್ಬಿನಿಂದ ದೇಹಕ್ಕೆ ನಿಜವಾಗಿ ತೊಂದರೆ ಆಗಿದೆಯಾ ನೋಡಿ. ಸರಿಯಾದ ಮಾತು. ಆದರೆ ಅದು ಎರಡನೇ ಮೆಟ್ಟಿಲು, ನಮ್ಮ ಕ್ಲಿನಿಕ್‌ನಲ್ಲಿ ಮೊದಲನೆಯದಕ್ಕೇ ಬೀರು ಅಡ್ಡ ಇತ್ತು.

ಇನ್ನು ಒಳಗಿನ ವ್ಯವಸ್ಥೆ. ತೂಕದ ಯಂತ್ರ ಇರುವುದು ಎಲ್ಲರೂ ಕಾಯುತ್ತಾ ಕೂರುವ ಜಾಗದಲ್ಲಿ. ನರ್ಸ್ ನಂಬರ್ ಓದಿ ಜೋರಾಗಿ ಹೇಳುತ್ತಾರೆ, ಬರೆದುಕೊಳ್ಳುವವರು ಆ ಕಡೆ ಟೇಬಲ್‌ನಲ್ಲಿ ಕೂತಿರುತ್ತಾರಲ್ಲ. ಒಂದು ದಿನ ನನ್ನ ಹಿಂದೆ ಇದ್ದವರು ಹತ್ತಿದಾಗ ಯಂತ್ರ ಎರರ್ ತೋರಿಸಿತು. ಅದರ ಮಿತಿ 120 ಕೆಜಿ. ಅವರು ಏನೂ ಹೇಳದೆ ಇಳಿದು ಚಪ್ಪಲಿ ಹಾಕಿಕೊಂಡು ಹೊರಟೇಹೋದರು. ಆಮೇಲೆ ಅವರನ್ನು ಅಲ್ಲಿ ನೋಡಿಲ್ಲ. ಕುರ್ಚಿಗಳಿಗೆಲ್ಲ ಕೈಯಿದೆ, ಸ್ವಲ್ಪ ದಪ್ಪ ಇದ್ದರೂ ಪಕ್ಕೆಗೆ ಒತ್ತುತ್ತದೆ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಬಿಪಿ ಪಟ್ಟಿಯ ವಿಷಯಕ್ಕೆ. ತೋಳಿಗೆ ಸುತ್ತಿದ ಪಟ್ಟಿ ಗಾಳಿ ತುಂಬುತ್ತಿದ್ದ ಹಾಗೆ ಪರ್ ಅಂತ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಬಿಗಿಯಾಗಿ ಸುತ್ತಿ, ಕೈಯಲ್ಲಿ ಹಿಡಿದುಕೊಂಡು ಅಳೆಯುತ್ತಿದ್ದರು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಇದು ಹೊಸ ಸಂಗತಿ ಏನಲ್ಲ. ಆ ನಂಬರ್ ನೋಡಿಯೇ ನನ್ನ ಮಾತ್ರೆ ಒಂದು ಸಲ ಜಾಸ್ತಿ ಮಾಡಿದ್ದರು.

ಚಿಕಿತ್ಸೆ ಅಂದರೆ ಏಳು ವರ್ಷ ಒಂದೇ ಸಾಲು, ಅದೂ ನಾನು ಬಾಗಿಲಿಗೆ ಕೈ ಹಾಕಿದ ಮೇಲೆ: "ತೂಕ ಸ್ವಲ್ಪ ಇಳಿಸಿ, ವಾಕಿಂಗ್ ಮಾಡಿ." ಮಂಡಿನೋವಿಗೂ ಅದೇ. ತಲೆನೋವಿಗೂ ಅದೇ. ಎಷ್ಟು ಇಳಿಸಬೇಕು, ಹೇಗೆ, ಯಾವಾಗ ಮತ್ತೆ ಬಂದು ತೋರಿಸಬೇಕು, ಒಂದೂ ಇಲ್ಲ. ನಾನು ಇಳಿಸಿರಲಿಲ್ಲ ಅಂತಲ್ಲ. ಒಂದು ವರ್ಷ 9 ಕೆಜಿ ಇಳಿಸಿದ್ದೆ, ಅದೂ ಫೈಲ್‌ನಲ್ಲಿದೆ. ಮುಂದಿನ ವರ್ಷ ಅಷ್ಟೂ ವಾಪಸ್ ಬಂತು, ಜೊತೆಗೆ ಇನ್ನೆರಡು. ಆಗ ನನ್ನ ಸೋಮಾರಿತನ ಅಂತಲೇ ಅಂದುಕೊಂಡಿದ್ದೆ. ತೂಕ ಇಳಿದಾಗ ದೇಹ ಸುಮ್ಮನಿರಲ್ಲ: ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ, ಖರ್ಚಾಗುವ ಶಕ್ತಿಯೂ ಕಡಿಮೆ ಆಗುತ್ತದೆ. ಒಂದು ವರ್ಷ ಆದರೂ ಈ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲ್ಲ. ಇಷ್ಟನ್ನು ಆಗಲೇ ಯಾರಾದರೂ ಹೇಳಿದ್ದರೆ ನಾಚಿಕೆಯಿಂದ ಎಂಟು ತಿಂಗಳು ಕ್ಲಿನಿಕ್ ಕಡೆ ತಲೆ ಹಾಕದೆ ಇರುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ನಾನೂ ಬಾಯಿ ಬಿಟ್ಟಿರಲಿಲ್ಲ. ಅವರು ಕೇಳಲಿ ಅಂತ ನಾನು, ನೊಂದುಕೊಂಡಾರು ಅಂತ ಅವರು. 2019ರಲ್ಲಿ 11 ದೇಶಗಳ ಒಂದು ಸಮೀಕ್ಷೆ ಬಂದಿತ್ತು. ತೂಕದ ಜೊತೆ ಒದ್ದಾಟ ಶುರುವಾಗಿ ಡಾಕ್ಟರ್ ಹತ್ತಿರ ಮೊದಲ ಸಲ ಮಾತಾಡುವ ಹೊತ್ತಿಗೆ ಸರಾಸರಿ 6 ವರ್ಷ ಕಳೆದಿರುತ್ತದಂತೆ. ನನ್ನದು ಏಳು, ಸರಾಸರಿಗಿಂತ ಒಂದು ಹೆಜ್ಜೆ ಮುಂದೆ!

ಪುರುಸೊತ್ತು ಇಲ್ಲ ಅನ್ನುವುದೂ ಸುಳ್ಳಲ್ಲ. ಹೊರಗೆ 40 ಜನ ಕೂತಿರುತ್ತಾರೆ, ಒಬ್ಬರಿಗೆ ಐದಾರು ನಿಮಿಷ. ಆದರೆ ಇಂಗ್ಲೆಂಡಿನಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡಾಕ್ಟರುಗಳು ಬರೀ 30 ಸೆಕೆಂಡ್ ಮಾತಾಡಿ, 12 ವಾರದ ತೂಕ ಇಳಿಸುವ ಕಾರ್ಯಕ್ರಮಕ್ಕೆ ಅಲ್ಲೇ ಹೆಸರು ಬರೆಸಿಕೊಟ್ಟರು. ವರ್ಷದ ನಂತರ ಅವರ ರೋಗಿಗಳು ಸರಾಸರಿ 2.4 ಕೆಜಿ ಇಳಿದಿದ್ದರು. ಬರೀ "ಇಳಿಸಿ" ಅನ್ನಿಸಿಕೊಂಡವರು 1 ಕೆಜಿ. ಡಾಕ್ಟರ್ ಹೀಗೆ ಮಾತಾಡಿದ್ದು ಸರಿಯಲ್ಲ, ಉಪಯೋಗವಿಲ್ಲ ಅಂದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಮಯ ಸಿಕ್ಕರೂ ಕಳಿಸುವುದಕ್ಕೆ ಒಂದು ಜಾಗ ಬೇಕು, ಅಲ್ವಾ? ನಮ್ಮ ಡಾಕ್ಟರಿಗೆ ಅದೇ ಇರಲಿಲ್ಲ.

ಈ ವರ್ಷ ಅಲ್ಲಿಗೆ ಒಬ್ಬರು ಹೊಸ ಡಾಕ್ಟರ್ ಬಂದಿದ್ದಾರೆ, ಚಿಕ್ಕ ವಯಸ್ಸು. ನಾನು ಕೆಮ್ಮು ಅಂತ ಹೋಗಿದ್ದೆ. ಕೆಮ್ಮು ನೋಡಿ ಆದಮೇಲೆ ಪೆನ್ ಕೆಳಗಿಟ್ಟು, "ನಿಮ್ಮ ತೂಕದ ಬಗ್ಗೆ ಸ್ವಲ್ಪ ಮಾತಾಡಬಹುದಾ? ಇವತ್ತು ಬೇಡ ಅಂದರೆ ಇನ್ನೊಂದು ದಿನ" ಅಂದರು. ಏಳು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ, ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಆಮೇಲೆ ಬೀರು ಸರಿಸಿ ಎತ್ತರ ಅಳೆದರು, ಟೇಪ್ ಹಿಡಿದು ಸೊಂಟ ಅಳೆದರು. ಗೊರಕೆ ಹೊಡೆಯುತ್ತೀರಾ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ ಬರುತ್ತದಾ ಅಂತ ಕೇಳಿದರು. ಎರಡಕ್ಕೂ ಹೌದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು ಅಂತ ಪರೀಕ್ಷೆಗೆ ಬರೆದರು. ಮಾತ್ರೆಗಳ ಪಟ್ಟಿ ನೋಡುತ್ತಾ ತಲೆನೋವಿನ ಅಮಿಟ್ರಿಪ್ಟಿಲೀನ್ ಹತ್ತಿರ ಬೆರಳು ನಿಲ್ಲಿಸಿ, "ಇದು ತೂಕ ಹೆಚ್ಚಿಸುವ ಮಾತ್ರೆಗಳಲ್ಲಿ ಒಂದು, ಗೊತ್ತಿತ್ತಾ?" ಅಂದರು. ಮೂರು ವರ್ಷದಿಂದ ನುಂಗುತ್ತಿದ್ದೇನೆ, ಯಾರು ಹೇಳಿದ್ದರು? ಅದನ್ನು ನಿಧಾನಕ್ಕೆ ಬಿಡಿಸಿ ಬೇರೆ ಕೊಟ್ಟರು. (ಇದನ್ನು ಓದಿ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ ಮತ್ತೆ.)

ಗುರಿಯೂ ಹಿಡಿಯಬಹುದಾದದ್ದು. ಮೊದಲು 5ರಿಂದ 10 ಶೇಕಡಾ, ಅಂದರೆ ನನಗೆ 5ರಿಂದ 10 ಕೆಜಿ ಹತ್ತಿರ. ಅಷ್ಟಕ್ಕೇ ಬಿಪಿ, ಸಕ್ಕರೆ ಸುಧಾರಿಸುತ್ತವೆ ಅಂದರು. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಗ್ಗೆ ನಾನೇ ಕೇಳಿದೆ. ಅವರು ಹೊಗಳಲೂ ಇಲ್ಲ, ಹೆದರಿಸಲೂ ಇಲ್ಲ. ಪ್ರಯೋಗದಲ್ಲಿ ಸರಾಸರಿ 15 ಶೇಕಡಾ ಹತ್ತಿರ ಇಳಿದಿದೆ, ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ವಾಪಸ್ ಬಂದಿದೆ, ಬಿಪಿ ಮಾತ್ರೆಯ ಹಾಗೆ ಮುಂದುವರಿಸಬೇಕಾದ ಔಷಧಿ ಅಂತ ತಿಳಿದೇ ಶುರು ಮಾಡಬೇಕು ಅಂದರು. ಸದ್ಯಕ್ಕೆ ಬೇಡ ಅಂತ ಇಬ್ಬರೂ ಒಪ್ಪಿಕೊಂಡೆವು.

ಅಷ್ಟರಲ್ಲಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆಹಾರ ತಜ್ಞರ ಮೊದಲ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಎರಡೂವರೆ ತಿಂಗಳ ನಂತರಕ್ಕೆ. ವಿಮೆಯವರು ತೂಕಕ್ಕೆಲ್ಲ ದುಡ್ಡು ಬರಲ್ಲ, ಅದು ಕಾಯಿಲೆ ಅಲ್ಲ ಅಂದರು. ಅಮೆರಿಕದ ವೈದ್ಯರ ಸಂಘ 2013ರಲ್ಲೇ ಬೊಜ್ಜನ್ನು ಕಾಯಿಲೆ ಅಂತ ಒಪ್ಪಿದೆ, ಆದರೆ ಫೋನಿನ ಆ ಕಡೆ ಇದ್ದವರಿಗೆ ಅದನ್ನು ಹೇಳಿ ಏನು ಉಪಯೋಗ?

ದೊಡ್ಡ ಡಾಕ್ಟರ ಏಳು ವರ್ಷಕ್ಕೆ ಎರಡು ಸ್ಟಾರ್, ಅದು ಅವರ ಒಳ್ಳೆಯತನಕ್ಕೆ. ಚಿಕ್ಕ ಡಾಕ್ಟರಿಗೆ ನಾಲ್ಕೂವರೆ. ತೂಕದ ಯಂತ್ರ ಇನ್ನೂ ಹೊರಗಡೆಯೇ ಇದೆ, ನಂಬರನ್ನು ಚೀಟಿಯಲ್ಲಿ ಬರೆದುಕೊಡಿ ಅಂದರೆ ನರ್ಸ್ ಕೊಡುತ್ತಾರೆ. ದಪ್ಪ ತೋಳಿನವರು ಹೋದರೆ ದೊಡ್ಡ ಬಿಪಿ ಪಟ್ಟಿ ಕೇಳಿ ಪಡೆಯಿರಿ. ಈಗ ತರಿಸಿದ್ದಾರೆ, ಆದರೆ ಅದು ಎಲ್ಲಿದೆ ಅಂತ ಅವರಿಗೇ ನೆನಪಿರಲ್ಲ. ಟೇಬಲ್‌ನ ಎರಡನೇ ಡ್ರಾಯರ್, ಹತ್ತಿ ಬಂಡಲ್ ಕೆಳಗೆ.