ಕುಡ್ತರಿಯ ಹಳೆ ಮನೆ, ಲಂಡನ್ನಿನ ಅಣ್ಣ: ನಮ್ಮ ವಕೀಲರು ಮತ್ತು ಗೌಂಡಿ ತಂಡದ ಕೆಲಸ ಹೇಗಿತ್ತು

ನಮ್ಮ ಅಣ್ಣ ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಆದರೆ ಬ್ರಿಟನ್ ಪೌರತ್ವ ತೆಗೆದುಕೊಂಡು ಹತ್ತು ವರ್ಷದ ಮೇಲಾಯಿತು, ಹಾಗಾಗಿ ಕಾಗದದ ಮೇಲೆ ಅವನು ಪರದೇಶಿ. ಕೈಯಲ್ಲಿ ಓಸಿಐ ಕಾರ್ಡ್ ಇದೆ, ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್ ಅದು. ನಾನು ಗೋವಾದ ಮಡಗಾಂವ್‌ನಲ್ಲಿ ಇರೋದು, ಅವನಿಗೆ ನಮ್ಮ ಮನೆಯ ಹತ್ತಿರ ಗೋವಾ ರೀತಿಯ ಒಂದು ಹಳೆ ಮನೆ ಬೇಕು ಅಂತ ಆಸೆ. ಎರಡು ವರ್ಷ ಹಿಡಿಯಿತು. ಈಗ ಮನೆ ಒಂದು ಮಳೆಗಾಲ ಕಂಡಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಹಳೆ ಮನೆ ರಿಪೇರಿಯ ಬಗ್ಗೆ ಮಳೆಗಾಲಕ್ಕೆ ಮುಂಚೆ ಬರೆದ ಅಭಿಪ್ರಾಯವನ್ನ ನಾನಂತೂ ನಂಬೋದಿಲ್ಲ.

ಇಬ್ಬರ ಕೆಲಸದ ಬಗ್ಗೆ ಹೇಳಬೇಕು. ಒಬ್ಬರು ಕಾಗದ ನೋಡಿದ ಮಡಗಾಂವ್‌ನ ವಕೀಲೆ. ಇನ್ನೊಬ್ಬರು ಗದಗ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಒಬ್ಬ ಗೌಂಡಿ ಮತ್ತು ಅವರ ಆರು ಜನರ ತಂಡ. ಇಬ್ಬರ ಹೆಸರೂ ಇಲ್ಲಿ ಹಾಕುತ್ತಿಲ್ಲ, ಅವರೇ ಬೇಡ ಅಂದಿದ್ದಾರೆ. ಆದರೆ ಇಂಥವರನ್ನ ಹೇಗೆ ಗುರುತಿಸಬೇಕು ಅನ್ನೋದು ಓದುವವರಿಗೆ ಗೊತ್ತಾಗಲಿ. ನನಗೆ ಕಂಡ ಗುರುತು ಒಂದೇ. ದುಡ್ಡು ತಗೊಳ್ಳೋಕೆ ಮುಂಚೆಯೇ ಇಬ್ಬರೂ ‘ಬೇಡ’ ಅಂದರು, ಒಂದಲ್ಲ, ಹಲವು ಸಲ.

ಮೊದಲು ವಕೀಲರ ವಿಷಯ. ನಾವು ನೋಡಿದ್ದ ಎರಡು ಮನೆಯನ್ನ ಅವರು ಕೈಬಿಡಿಸಿದರು. ಒಂದು ನದಿ ದಂಡೆಯ ಮನೆ, ನೋಡೋಕೆ ಕಣ್ಣು ತಣಿಯೋ ಹಾಗಿತ್ತು, ಆದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗಡಿಯೊಳಗೆ, ಮುಂದೆ ಒಂದು ಕೋಣೆ ಸೇರಿಸಬೇಕು ಅಂದರೂ ಕಷ್ಟ. ಇನ್ನೊಂದರ ಹಿತ್ತಲಲ್ಲಿ ಒಂದು ಸಣ್ಣ ಮನೆ ಇತ್ತು, ಅಲ್ಲಿ ಒಬ್ಬ ಅಜ್ಜಿ ಇದ್ದರು. ಬ್ರೋಕರ್ ‘ಅವರು ಹೋಗುತ್ತಾರೆ ಬಿಡಿ’ ಅಂದಿದ್ದ. ವಕೀಲರು ಫಾರ್ಮ್ 1 ಮತ್ತು 14 ಅನ್ನೋ ಜಮೀನಿನ ದಾಖಲೆ ತೆಗೆಸಿ ನೋಡಿದರೆ ಅಜ್ಜಿಯ ಗಂಡನ ಹೆಸರು ಮುಂಡ್ಕಾರ (ಜಮೀನುದಾರರ ಒಪ್ಪಿಗೆಯಿಂದ ಅವರ ಜಾಗದಲ್ಲಿ ಮನೆ ಮಾಡಿಕೊಂಡಿರುವವರು) ಅಂತ ದಾಖಲಾಗಿತ್ತು. 1975ರ ಮುಂಡ್ಕಾರ ಕಾಯ್ದೆ ಪ್ರಕಾರ ಅವರನ್ನ ಎಬ್ಬಿಸೋ ಹಾಗಿಲ್ಲ, ಆ ಮನೆಯನ್ನ ಕೊಂಡುಕೊಳ್ಳೋ ಹಕ್ಕೂ ಅವರಿಗಿದೆ. ಎಬ್ಬಿಸೋ ಮನಸ್ಸು ನಮಗೂ ಇರಲಿಲ್ಲ. ತಲೆತಲಾಂತರದಿಂದ ಇರುವ ಜನ, ನಾವು ಪೌಂಡ್ ಹಿಡಿದುಕೊಂಡು ಬಂದು ಅವರ ಅಂಗಳದಲ್ಲಿ ನಿಲ್ಲೋದು ಸರಿಯಲ್ಲ ಅಲ್ವಾ.

ಮೂರನೆಯದು ಮಡಗಾಂವ್ ಹತ್ತಿರದ ಕುಡ್ತರಿ ಊರಿನ ಮನೆ. ನಾಲ್ಕು ಕೋಣೆ, ಮುಂದೆ ಕಲ್ಲಿನ ಕಟ್ಟೆ ಇರುವ ಬಲ್ಕಾಂವ್ ಅನ್ನೋ ಜಗಲಿ, ಚಿರೆಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು. ಜೊತೆಗೆ ಒಂದು ತೆಂಗಿನ ತೋಟ, ಆಚೆ ಭತ್ತದ ಗದ್ದೆ, ಎಲ್ಲಾ ಒಂದೇ ಸರ್ವೆ ನಂಬರ್‌ನಲ್ಲಿ. ಮಾರುವವರು ‘ಎಲ್ಲಾ ಸೇರಿಸಿ ತಗೊಳ್ಳಿ’ ಅಂದರು, ರೇಟೂ ಚೆನ್ನಾಗಿತ್ತು. ವಕೀಲರು ಅಲ್ಲೇ ತಡೆದರು. ಓಸಿಐ ಇರುವವರು ಭಾರತದಲ್ಲಿ ವಾಸದ ಮನೆ ಕೊಳ್ಳಬಹುದು, ಅಂಗಡಿ ಆಫೀಸು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಮೂರನ್ನೂ ಕೊಳ್ಳೋ ಹಾಗಿಲ್ಲ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ, ಗೋವಾ ಒಂದಕ್ಕೇ ಅಲ್ಲ, ಇಡೀ ದೇಶಕ್ಕೆ. ಹಾಗಾದರೆ ಗದ್ದೆ ತೋಟ ನನ್ನ ಹೆಸರಿಗೆ ಮಾಡಿಸೋಣ, ದುಡ್ಡು ಅಣ್ಣ ಕೊಡಲಿ ಅಂತ ನಾನೇ ಕೇಳಿದೆ. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಅದಕ್ಕೂ ಬೇಡ ಅಂದರು. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಆದರೆ ಅದು ಬೇನಾಮಿ, 2016ರ ತಿದ್ದುಪಡಿ ಆದ ಮೇಲೆ ಆಸ್ತಿಯೇ ಜಪ್ತಿ ಆಗಬಹುದು. ಅದೂ ಅಲ್ಲದೆ ಗೋವಾದಲ್ಲಿ ಭತ್ತದ ಗದ್ದೆಯನ್ನ ರೈತರಲ್ಲದವರಿಗೆ ಮಾರೋಕೆ 2023ರ ಕಾಯ್ದೆ ಬಿಡೋದಿಲ್ಲ. ನಾನು ರೈತಳಲ್ಲ. ಮಾತು ಅಲ್ಲಿಗೆ ಮುಗಿಯಿತು.

ಮನೆ ಮತ್ತು ಅಂಗಳವನ್ನ ಮಾತ್ರ ಬೇರೆ ಮಾಡಿಸಬೇಕಾಯಿತು. ಪಾಲು ಮಾಡಿ ಹೊಸ ಸಬ್ ಡಿವಿಷನ್ ನಂಬರ್ ಬರೋಕೆ ಏಳು ತಿಂಗಳು. ಆ ಏಳು ತಿಂಗಳು ಅಣ್ಣನಿಗೆ ಫೋನಿನಲ್ಲಿ ಸಮಾಧಾನ ಹೇಳೋದೇ ನನ್ನ ಕೆಲಸ.

ಗೋವಾದಲ್ಲಿ ಹಳೆ ಮನೆ ಕೊಳ್ಳುವ ಹೊರಗಿನವರು ಎಲ್ಲಕ್ಕಿಂತ ಜಾಸ್ತಿ ಎಡವೋದು ಸಹಿಗಳಲ್ಲಿ. ಇಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್ ಗೋವಾ 1961ರಲ್ಲಿ ಭಾರತಕ್ಕೆ ಸೇರಿದ ನಂತರವೂ ಮುಂದುವರಿದಿದೆ. ವಾರಸುದಾರಿಕೆಗೆ ಈಗ ಗೋವಾದ್ದೇ ಹೊಸ ಕಾಯ್ದೆ ಇದೆ, ಆದರೆ ಮೂಲ ರೀತಿ ಅದೇ. ಗೋವಾದಲ್ಲಿ ಮದುವೆಯಾದವರು ಮದುವೆಗೆ ಮುಂಚೆ ಬೇರೆ ಕರಾರು ಬರೆದುಕೊಂಡಿಲ್ಲ ಅಂದರೆ ಗಂಡ ಹೆಂಡತಿಗೆ ಆಸ್ತಿಯಲ್ಲಿ ಅರ್ಧ ಅರ್ಧ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮನೆ ಮಾರೋ ಹಾಗಿಲ್ಲ. ನಮ್ಮ ಮನೆಗೆ ಏಳು ವಾರಸುದಾರರು, ಅವರಲ್ಲಿ ಐವರಿಗೆ ಸಂಗಾತಿ ಇದ್ದಾರೆ, ಅಲ್ಲಿಗೆ ಹನ್ನೆರಡು ಸಹಿ. ಬ್ರೋಕರ್ ತೋರಿಸಿದ್ದು ಏಳು. ಒಬ್ಬ ಅಳಿಯ ಕೆನಡಾದಲ್ಲಿ, ಇಬ್ಬರು ಲಿಸ್ಬನ್‌ನಲ್ಲಿ, ಉಳಿದವರು ಮುಂಬೈ ಮತ್ತು ಇಲ್ಲಿ. ಹೊರಗಿದ್ದವರ ಮುಖ್ತ್ಯಾರ್‌ಪತ್ರಗಳು ಅಲ್ಲಿ ದೃಢೀಕರಣವಾಗಿ ಬಂದು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಆಗಬೇಕು. ವಕೀಲರು ಒಂದೊಂದನ್ನೂ ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಆ ನೋಟ್‌ಬುಕ್ ನೋಡಿದ ದಿನ ನನಗೆ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಬಂತು.

ದುಡ್ಡಿನ ವಿಷಯದಲ್ಲಿಯೂ ಅವರು ಗಟ್ಟಿ. ಸ್ವಲ್ಪ ಭಾಗ ಕ್ಯಾಶ್ ಅಂತ ಒಬ್ಬರು ಕೇಳಿದಾಗ ಕೂಡಲೇ ಇಲ್ಲ ಅಂದರು. ಅಣ್ಣನ ದುಡ್ಡು ಅವನ ಎನ್‌ಆರ್‌ಇ ಖಾತೆಯಿಂದಲೇ (ಹೊರದೇಶದಲ್ಲಿ ಇರುವವರು ಇಲ್ಲಿ ಇಡುವ ಬ್ಯಾಂಕ್ ಖಾತೆ) ಹೋಗಬೇಕು, ಬ್ಯಾಂಕಿನ ಕಾಗದ ಒಂದೂ ಕಳೆಯಬಾರದು, ಯಾಕೆಂದರೆ ನಾಳೆ ಮಾರಿ ದುಡ್ಡು ವಾಪಸ್ ಒಯ್ಯಬೇಕು ಅಂದರೆ ಅದೇ ಆಧಾರ. ಮಾರುವವರಲ್ಲಿ ಹೊರದೇಶದವರ ಪಾಲಿಗೆ ತೆರಿಗೆ ಮುರಿದುಕೊಳ್ಳುವ ಲೆಕ್ಕವೇ ಬೇರೆ, ಇಲ್ಲಿಯವರ ಪಾಲಿನ ಹಾಗೆ ಒಂದು ಪರ್ಸೆಂಟ್ ಅಲ್ಲ, ಅದಕ್ಕೆ ಒಬ್ಬ ಸಿಎ ಹತ್ತಿರ ಕಳಿಸಿದರು. ಅವರ ದೋಷ ಒಂದೇ, ಫೋನ್ ಎತ್ತೋದಿಲ್ಲ. ಸಂಜೆ ಆರರ ಮೇಲೆ ಆಫೀಸಿಗೇ ಹೋಗಬೇಕು. ಲಂಡನ್‌ನಲ್ಲಿ ಕೂತವರಿಗೆ ಇದು ತ್ರಾಸು. ಇಲ್ಲಿ ಓಡಾಡೋಕೆ ಒಬ್ಬರು ಇಲ್ಲ ಅಂದರೆ ಅವರ ಜೊತೆ ಕೆಲಸ ಕಷ್ಟ.

2024ರ ನವೆಂಬರ್‌ನಲ್ಲಿ ನೋಂದಣಿ ಆಯಿತು. ಇನ್ನು ಗೌಂಡಿಯವರ ಕೆಲಸ.

ಅವರಿಗಿಂತ ಮುಂಚೆ ಒಂದು ಕಂಪನಿಯಿಂದ ಎಸ್ಟಿಮೇಟ್ ತಗೊಂಡಿದ್ದೆವು. ಹಳೆ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್, ಹೆಂಚಿನ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್, ಮೂರು ತಿಂಗಳಲ್ಲಿ ಕೀಲಿಕೈ. ಚಿತ್ರ ಸಮೇತ ಕೊಟ್ಟಿದ್ದರು, ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ತುಂಬಾ ಹಿಡಿಸಿತ್ತು. ಗೌಂಡಿ ಮನೆಗೆ ಬಂದು ಒಂದು ಗಂಟೆ ಬರೀ ಗೋಡೆ ಮುಟ್ಟಿ ನೋಡಿದರು. ಹಿಂದಿನ ಕೋಣೆಯಲ್ಲಿ ಯಾರೋ ಯಾವಾಗಲೋ ಸಿಮೆಂಟ್ ಬಳಿದಿದ್ದರು, ಅಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು, ಬಿಳಿ ಉಪ್ಪು ಒಸರಿತ್ತು. ಅದನ್ನ ಉಗುರಿನಿಂದ ಕೆರೆದು ಹೇಳಿದರು: ‘ಅಕ್ಕಾರ, ಇದಕ್ಕ ಸಿಮೆಂಟ್ ಬ್ಯಾಡ್ರಿ. ಚಿರೆಕಲ್ಲಿನಾಗ ನೀರು ಬರೂದು ತಪ್ಪೂದಿಲ್ಲ. ಹೊರಗ ಹೋಗಾಕ ದಾರಿ ಬಿಡಬೇಕ್ರಿ.’ ಸ್ಲ್ಯಾಬ್ ಕೇಳಿದ್ದಕ್ಕೆ ಅಷ್ಟು ಭಾರ ಈ ಗೋಡೆಗೆ ಹಾಕಬಾರದು ಅಂದರು. ಮೂರು ತಿಂಗಳು ಅಂದಿದ್ದಕ್ಕೆ ಆರು ಅಂದರು. ಅವತ್ತೇ ಅಣ್ಣನಿಗೆ ಫೋನ್ ಮಾಡಿ, ಇವರಿಗೇ ಕೊಡೋಣ ಅಂದೆ.

ಮೊದಲು ಮಾಡು, ಆಮೇಲೆ ಉಳಿದದ್ದು, ಇದು ಅವರ ಹಟ. ಮೂರು ಸಾವಿರಕ್ಕೂ ಜಾಸ್ತಿ ಹೆಂಚು ಕೈಯಿಂದ ಕೈಗೆ ಇಳಿಸಿದರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡೋದು, ಟಣ್ ಅಂದರೆ ಒಂದು ಕಡೆ, ಮಂಕು ಸದ್ದು ಬಂದರೆ ಬಿರುಕು ಅಂತ ಇನ್ನೊಂದು ಕಡೆ. ಹೆಂಚು ತಿರುಗಿಸಿದರೆ ಕೆಲವದರ ಮೇಲೆ ಬಾಸೆಲ್ ಮಿಷನ್, ಮಂಗಳೂರು ಅಂತ ಅಚ್ಚು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹೆಂಚಿನ ಕಾರ್ಖಾನೆ ಅದು. ನೇತ್ರಾವತಿ ಬದಿಯ ಮಣ್ಣು, ನಮ್ಮ ಕನ್ನಡ ನಾಡಿನ ಮಣ್ಣು, ಕುಡ್ತರಿಯ ಒಂದು ಮನೆಯನ್ನ ಇಷ್ಟು ವರ್ಷ ಕಾದಿತ್ತು ಅಂತ ಯೋಚಿಸಿ ನನಗೆ ಕಣ್ಣು ತುಂಬಿ ಬಂತು. ಅಂಥದ್ದೊಂದು ಹೆಂಚನ್ನ ಅಣ್ಣನಿಗೆ ಅಂತ ತೆಗೆದಿಟ್ಟಿದ್ದೇನೆ.

ಸುಮಾರು ಮುಕ್ಕಾಲು ಪಾಲು ಹೆಂಚು ವಾಪಸ್ ಏರಿತು. ಉಳಿದದ್ದನ್ನ ಕೆಡವಿದ ಇನ್ನೊಂದು ಮನೆಯಿಂದ ತಂದರು, ಹೊಸ ಹೆಂಚಿನ ಅಳತೆ ಹಳೆಯದಕ್ಕೆ ಕೂರೋದಿಲ್ಲ ಅಂತ. ಹೆಂಚು ಹೊರುವ ಮರದ ಪಕಾಸುಗಳು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಗೆದ್ದಲು ಹಿಡಿದಿದ್ದವು. ಇಡೀ ಮರ ಬದಲಿಸಿ ಬಿಲ್ ಏರಿಸಬಹುದಿತ್ತು. ಅವರು ಕೆಟ್ಟ ತುದಿ ಮಾತ್ರ ಕೊಯ್ದು ಹಲಸಿನ ತುಂಡು ಕಚ್ಚು ಹಾಕಿ ಸೇರಿಸಿದರು.

ಗಾರೆಗೆ ಅಂಗಳದಲ್ಲೇ ಗುಂಡಿ ತೋಡಿ ಸುಣ್ಣ ಮೂರು ವಾರ ನೆನೆಹಾಕಿದರು. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರನ್ನ ಅದಕ್ಕೆ ಸೇರಿಸಿದರು, ಇಡೀ ಅಂಗಳದಲ್ಲಿ ಹುಳಿ ವಾಸನೆ. ಹಳೆ ಸಿಮೆಂಟ್ ಪೂರ್ತಿ ತೆಗೆದು ಮೂರು ಪದರ ಗಾರೆ, ಒಂದು ಪದರ ಪೂರ್ತಿ ಗಟ್ಟಿಯಾಗೋ ತನಕ ಇನ್ನೊಂದನ್ನ ಮುಟ್ಟಲಿಲ್ಲ. ಬಿಸಿಲಿಗೆ ಬೇಗ ಒಣಗಬಾರದು ಅಂತ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಗಾಜಿನ ಬದಲು ಸಮುದ್ರದ ಚಿಪ್ಪು ಕೂರಿಸಿದ ಹಳೆ ಕಿಟಕಿ ಎರಡು ಉಳಿದಿದ್ದವು. ಆ ಚಿಪ್ಪಿನ ಜೀವಿಗೆ ಈಗ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹೊಸದಾಗಿ ಹಿಡಿಯೋ ಹಾಗಿಲ್ಲ. ಎರಡರಲ್ಲಿ ಒಡೆಯದ ಚಿಪ್ಪುಗಳನ್ನ ಸೇರಿಸಿ ಒಂದು ಕಿಟಕಿ ಪೂರ್ತಿ ಮಾಡಿದರು, ಇನ್ನೊಂದಕ್ಕೆ ಮಬ್ಬು ಗಾಜು. ಬೆಳಗ್ಗೆ ಆ ಚಿಪ್ಪಿನಿಂದ ಒಳಗೆ ಬರೋ ಬೆಳಕನ್ನ ಫೋಟೋದಲ್ಲಿ ಹಿಡಿಯೋಕೆ ಆಗಲಿಲ್ಲ, ಬಂದೇ ನೋಡಬೇಕು.

ಈಗ ಬೇಸರ ಆದದ್ದು. ಬಾತ್‌ರೂಮ್ ನೆಲದ ಇಳಿಜಾರು ತಪ್ಪಿತು, ನೀರು ಬಾಗಿಲ ಕಡೆ ಬರುತ್ತಿತ್ತು, ಟೈಲ್ಸ್ ಕಿತ್ತು ಮತ್ತೆ ಹಾಕಿದರು. ದುಡ್ಡು ಕೇಳಲಿಲ್ಲ, ಆದರೆ ಹತ್ತು ದಿನ ಹೋಯಿತು. ನಲ್ಲಿ, ಪೈಪು, ಕರೆಂಟಿನ ಕೆಲಸ ಇವರ ಕೈಯದಲ್ಲ, ಬೇರೆಯವರನ್ನೇ ಹುಡುಕಿ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಯುಗಾದಿಗೆ ನಾಲ್ಕು ದಿನ ಅಂತ ಊರಿಗೆ ಹೋದವರು ಹನ್ನೊಂದು ದಿನಕ್ಕೆ ಬಂದರು, ನಡುವೆ ಒಂದು ಫೋನ್ ಇಲ್ಲ. ಹಬ್ಬಕ್ಕೆ ಮನೆಗೆ ಹೋಗಬೇಕು, ಅದು ನನಗೂ ಅರ್ಥವಾಗುತ್ತೆ, ಆದರೆ ತಾರೀಖು ನಿಜ ಹೇಳಿದ್ದರೆ ನಾನು ಬಡಗಿಯವರನ್ನ ಆ ವಾರ ಕರೆಸುತ್ತಿದ್ದೆ. ಎಸ್ಟಿಮೇಟ್ ಬಾಯಿ ಮಾತು. 19 ಲಕ್ಷ ಅಂದದ್ದು 23 ಲಕ್ಷದ ಮೇಲೆ ನಿಂತಿತು. ಪ್ರತಿ ಶನಿವಾರ ಕೂತು ಚೀಟಿ ಸಮೇತ ಲೆಕ್ಕ ಕೊಟ್ಟರು, ಒಂದು ರೂಪಾಯಿ ಸಂಶಯ ಬರಲಿಲ್ಲ. ಆದರೂ ದೂರದಲ್ಲಿ ಇರುವವರು ಮೊದಲೇ ಬರೆಸಿಕೊಳ್ಳಿ, ಐದನೇ ಒಂದು ಪಾಲು ಜಾಸ್ತಿ ಕೈಯಲ್ಲಿಟ್ಟುಕೊಳ್ಳಿ.

2025ರಲ್ಲಿ ಮಳೆ ಮೇ ಕೊನೆಯ ವಾರದಲ್ಲೇ ಬಂತು. ಇನ್ನೂ ಹೊರಗಿನ ಗೋಡೆಗೆ ಸುಣ್ಣ ಹೊಡೆಯೋದು ಬಾಕಿ ಇತ್ತು, ಆದರೆ ಮಾಡು ಮಾರ್ಚ್‌ನಲ್ಲೇ ಮುಗಿದಿತ್ತು. ಸುತ್ತಮುತ್ತ ಎಷ್ಟೋ ಮನೆಯವರು ತಾಡಪತ್ರಿ ಹಿಡಿದು ಓಡಾಡುವಾಗ ನಾನು ಬಲ್ಕಾಂವ್‌ನಲ್ಲಿ ಕೂತು ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ಹೆಂಚಿನ ಮೇಲೆ ಮಳೆ ಬೀಳೋ ಸದ್ದು ಕೇಳಿಸಿದೆ. ಅವನು ಏನೂ ಮಾತಾಡಲಿಲ್ಲ, ಸುಮ್ನೆ ಕೇಳುತ್ತಾ ಕೂತಿದ್ದ. ನಾಲ್ಕು ತಿಂಗಳ ಮಳೆಯಲ್ಲಿ ಮಾಡು ಒಂದೇ ಕಡೆ ಸೋರಿತು, ತೆಂಗಿನ ಗರಿ ಬಿದ್ದು ಒಂದು ಹೆಂಚು ಸರಿದಿತ್ತು, ಗೌಂಡಿ ಮರುದಿನವೇ ಬಂದು ಸರಿಮಾಡಿದರು. ಉತ್ತರದ ಗೋಡೆಯಲ್ಲಿ ಊಟದ ತಟ್ಟೆಯಷ್ಟು ಜಾಗ ಒದ್ದೆ ಇದೆ. ಒಂದು ವರ್ಷ ಬಿಡ್ರಿ, ಒಳಗಿನ ಹಳೆ ನೀರು ಇನ್ನೂ ಹೊರಗ ಬರಾಕತ್ತೈತಿ ಅಂದಿದ್ದಾರೆ. ಮುಂದಿನ ದಸರೆ ಹೊತ್ತಿಗೆ ಅದು ಹೇಗಿದೆ ಅಂತ ನೋಡಿ ಇದೇ ಬರಹಕ್ಕೆ ಸೇರಿಸುತ್ತೇನೆ.

ವಕೀಲರಿಗೆ ಐದಕ್ಕೆ ನಾಲ್ಕೂವರೆ. ಗೌಂಡಿ ತಂಡಕ್ಕೆ ಗೋಡೆ ಮತ್ತು ಮಾಡಿಗೆ ಐದಕ್ಕೆ ಐದು, ಬಾತ್‌ರೂಮಿಗೆ ಎರಡು. ಅವರು ವರ್ಷಕ್ಕೆ ಒಂದೇ ಹಳೆ ಮನೆ ಹಿಡಿಯುತ್ತಾರೆ, ಅಕ್ಟೋಬರ್‌ಗೆ ಶುರು ಮಾಡಬೇಕು ಅಂದರೆ ಮಳೆಗಾಲದಲ್ಲೇ ಮಾತಾಡಬೇಕು. ಈ ಸಲ ಅವರು ಹಿಡಿದಿರೋದು ಚಾಂದೋರ್ ಕಡೆಯ ಒಂದು ಮನೆ, ಅದೂ ಹೊರದೇಶದಲ್ಲಿ ಇರುವವರದೇ.